ದಪ್ಪ ರೆಕ್ಕೆ, ತೆಳ್ಳನೆ ರೆಕ್ಕೆ ಮತ್ತು ನಮ್ಮನೆಯವರು

ಬೋರ್ಡು ಒಂದು ದಿಕ್ಕಿಗೆ, ಕೈಯಲ್ಲಿದ್ದ ರೆಕ್ಕೆ ಇನ್ನೊಂದು ದಿಕ್ಕಿಗೆ, ನಮ್ಮನೆಯವರು ನೇರ ಕೆಳಕ್ಕೆ.

ದಡದಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ ನಾನು ಸುಲಿಯುವುದನ್ನು ನಿಲ್ಲಿಸಲಿಲ್ಲ. ಮೊದಮೊದಲು ಗಾಬರಿಯಿಂದ ಎದ್ದು ನಿಲ್ಲುತ್ತಿದ್ದೆ. ಆಮೇಲೆ ಅಭ್ಯಾಸವಾಯಿತು...

ಈ ಆಟಕ್ಕೆ ವಿಂಗ್ ಫಾಯಿಲಿಂಗ್ ಎಂದು ಹೆಸರು. ಕೈಯಲ್ಲಿ ಗಾಳಿ ತುಂಬಿದ ರೆಕ್ಕೆ, ಕಾಲಡಿ ಬೋರ್ಡು. ಬೋರ್ಡಿನ ಅಡಿಯಿಂದ ನೀರೊಳಕ್ಕೆ ಇಳಿದ ಒಂದು ಕಂಬ, ಅದರ ತುದಿಯಲ್ಲಿ ಪುಟ್ಟ ವಿಮಾನದಂಥ ಇನ್ನೊಂದು ರೆಕ್ಕೆ. ಅದೇ ಫಾಯಿಲ್.

ಸಾಕಷ್ಟು ವೇಗ ಸಿಕ್ಕರೆ ಆ ಒಳರೆಕ್ಕೆ ಬೋರ್ಡನ್ನೇ ನೀರಿನಿಂದ ಮೇಲೆತ್ತುತ್ತದೆ. ಮನುಷ್ಯ ಸದ್ದಿಲ್ಲದೆ ಹಾರಿಕೊಂಡು ಹೋಗುತ್ತಾನೆ. ಹೋಗಬೇಕು.

ಚುಟುಕ ಕಟ್ಟುವ ಚಟ ನನಗೆ ಕಾಲೇಜಿನಿಂದಲೂ ಇದೆ. ಅಲ್ಲೇ ಒಂದು ಕಟ್ಟಿದೆ:

ಮೇಲೊಂದು ರೆಕ್ಕೆ, ಕೆಳಗೊಂದು ರೆಕ್ಕೆ,
ನಡುವಿರುವ ಗಂಡನಿಗೆ ನೀರೊಂದೇ ದಿಕ್ಕೇ?

ಕುಶಾಲನಗರದಲ್ಲಿ ನಮ್ಮದು ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ. ಒಮ್ಮೆ ಮಾಕುಟ್ಟ ಘಾಟಿ ಇಳಿದು ಕೇರಳದ ಬೀಚಿಗೆ ಹೋಗಿದ್ದಾಗ ಯಾರೋ ಹೀಗೆ ಹಾರುವುದನ್ನು ಇವರು ನೋಡಿದರು. ಐಸ್‌ಕ್ರೀಂ ಹಿಡಿದು ನಿಂತವರು ನಿಂತೇ ಇದ್ದರು. ಹೊಟ್ಟೆ ಕರಗಿಸಿ ಎಂದು ಡಾಕ್ಟರು ಹೇಳಿದ್ದರು, ಅಂದು ಕರಗಿದ್ದು ಐಸ್‌ಕ್ರೀಂ.

ಅಂದಿನಿಂದ ನಮ್ಮ ಭಾನುವಾರಗಳು ಅಲ್ಲಿನ ಒಂದು ಹೊಳೆಬಾಯಿಗೆ ಹೋದವು. ಹೇಳಿಕೊಡುವವನು ಶಮೀರ್, ಆ ಊರಿನವನೇ.

ಸ್ವಂತ ಸೆಟ್ ಕೊಳ್ಳುವ ದಿನ ಶಮೀರ್ ಬಿಡಿಸಿ ಹೇಳಿದ್ದ. ದಪ್ಪಗೆ, ಅಗಲವಾಗಿರುವ ಒಳರೆಕ್ಕೆ ನಿಧಾನದಲ್ಲೇ ಎತ್ತುತ್ತದೆ, ಕಾಲು ಸ್ವಲ್ಪ ಆಚೀಚೆ ಆದರೂ ಕ್ಷಮಿಸುತ್ತದೆ. ಉದ್ದಗೆ, ತೆಳ್ಳಗೆ ಇರುವುದು ಜೋರು ಓಡುತ್ತದೆ, ಆದರೆ ವೇಗವಿಲ್ಲದೆ ಏಳುವುದಿಲ್ಲ.

"ಅಣ್ಣಾ, ನಿಮ್ಮ ವೆಯ್ಟಿಗೆ ದೊಡ್ಡದೇ ಬೇಕು. ಕಂಬ ಚಿಕ್ಕದೇ ಸಾಕು."

ಇವರು ತೆಳ್ಳನೆಯದನ್ನೇ ತೆಗೆದುಕೊಂಡರು. ಅದಕ್ಕೊಂದು ಉದ್ದನೆಯ ಕಂಬ ಬೇರೆ.

"ನಾಳೆ ಕಲಿತ ಮೇಲೆ ಬೇಕಾಗೋದು ಇದೇ ತಾನೇ? ಇವತ್ತೇ ತಗೊಂಡ್ಬಿಟ್ರೆ ಆಯ್ತು" ಎಂದರು.

ನನಗೆ ನಗು ಬಂತು. ಮಗಳು ಶಾಲೆಗೆ ಹೋಗುವಾಗ ಯೂನಿಫಾರಂ, ಶೂ ಎಲ್ಲವನ್ನೂ ಒಂದು ಸೈಜ್ ದೊಡ್ಡದೇ ತರುತ್ತಿದ್ದ ಮನುಷ್ಯ. ಬೆಳೆಯುವ ಮಗು, ಸರಿ. ಇವರು ಬೆಳೆಯುತ್ತಿದ್ದುದು ಅಡ್ಡಕ್ಕೆ ಮಾತ್ರ.

ಆಮೇಲಿನ ಭಾನುವಾರಗಳೆಲ್ಲ ಬೀಳುವುದರಲ್ಲೇ ಹೋದವು. ಏಳುವಷ್ಟು ವೇಗವೇ ಬರುತ್ತಿರಲಿಲ್ಲ. ಅಪ್ಪಿತಪ್ಪಿ ಎದ್ದರೆ ಆ ಉದ್ದ ಕಂಬದ ಎತ್ತರದಿಂದ ದಬಕ್ಕನೆ ಬೀಳುತ್ತಿದ್ದರು.

ಬಿದ್ದದ್ದು ನನಗೆ ಚಿಂತೆಯಾಗಲಿಲ್ಲ. ಬಿದ್ದ ಮೇಲೆ ಇವರು ಬಯ್ಯುವುದನ್ನು ನಿಲ್ಲಿಸಿದ್ದು ಚಿಂತೆಯಾಯಿತು.

ಅಂಗಡಿಯಲ್ಲಿ ಅಟ್ಟದ ಸಾಮಾನಿಗೆ ತಾವೇ ಏಣಿ ಹತ್ತುತ್ತಿದ್ದವರು, "ಇನ್ನು ನನ್ ಕೈಲಿ ಆಗಲ್ಲ, ಕೆಳಗೇ ಜೋಡಿಸೋಣ" ಎಂದರು. ಯಾವುದೋ ಮದುವೆಗೆ ಕರೆದರೆ, "ವಯಸ್ಸಾದೋರೆಲ್ಲ ಯಾಕೆ ಬಿಡೇ..." ಅಂದರು. ನಲವತ್ತೇಳಕ್ಕೆ!

ಒಂದು ಭಾನುವಾರ ಹಿಂದಿರುಗುವಾಗ ಮಾಕುಟ್ಟ ಚೆಕ್‌ಪೋಸ್ಟಿನಲ್ಲಿ ಪೊಲೀಸಿನವರು ಡಿಕ್ಕಿ ತೆಗೆಸಿದರು.

"ಇದೆಂಥದ್ದು ಮಾರಾಯ್ರೇ, ವಿಮಾನವಾ?"

ಹಿಂದೆಲ್ಲ ಯಾರಾದರೂ ಹೀಗೆ ಕೇಳಿದರೆ ಇವರು ಅರ್ಧ ಗಂಟೆ ಪಾಠ ಮಾಡುತ್ತಿದ್ದರು. ಅಂದು ತಗ್ಗಿದ ದನಿಯಲ್ಲಿ, "ಹಾರಕ್ಕಲ್ಲ ಸಾರ್, ಮಾರಕ್ಕೆ" ಎಂದರು.

ನಮ್ಮ ಮನೆಯಲ್ಲಿ ಪ್ರಾಸ ನನ್ನ ಇಲಾಖೆ. ಅವರ ಬಾಯಲ್ಲಿ ಪ್ರಾಸ ಬಂತೆಂದರೆ ಏನೋ ಸರಿಯಿಲ್ಲ ಎಂದೇ ಅರ್ಥ.

ಕಾರು ಕಾಡಿನೊಳಗೆ ತಿರುಗಿದ ಮೇಲೆ ಕೇಳಿದೆ. "ನಿಜವಾಗ್ಲೂ ಮಾರ್ತೀರಾ?"

"ಮೈ ಕೇಳಲ್ಲ ಕಣೇ. ಕಾಲಿಗೆ ಹೇಳಿದ್ದು ಕಾಲಿಗೆ ತಿಳಿಯಲ್ಲ. ಮುಗೀತು ನಂದು."

ಆಟ ಮುಗಿಯಿತು ಎಂದಿದ್ದರೆ ಸುಮ್ಮನಿರುತ್ತಿದ್ದೆ. "ನಂದು" ಎಂದರಲ್ಲ...

"ರೀ, ಅಂಗಡಿಗೆ ಬಂದು ಯಾರಾದ್ರೂ ಕ್ಲಚ್ ಪ್ಲೇಟ್ ಕೊಡಿ ಅಂದ್ರೆ ನೀವು ಮೊದಲು ಏನ್ ಕೇಳ್ತೀರಾ?"

"ಯಾವ ಗಾಡಿ, ಯಾವ ಮಾಡೆಲ್ ಅಂತ."

"ಸುಮ್ನೆ ಒಳ್ಳೇದು ಕೊಡಿ ಅಂದ್ರೆ?"

"ಹಂಗೆಲ್ಲ ಕೊಡಕ್ಕಾಗತ್ತಾ? ಕೂರಬೇಕಲ್ಲ ಗಾಡಿಗೆ."

"ಮತ್ತೆ ನೀವ್ಯಾವ ಗಾಡಿ? ಯಾವ ಮಾಡೆಲ್ಲು? ಅದನ್ನ ಯಾಕೆ ಯಾರೂ ಕೇಳ್ಲಿಲ್ಲ?"

ವಿರಾಜಪೇಟೆಯ ದೀಪಗಳು ಕಂಡಾಗ ಮೆಲ್ಲಗೆ ಅಂದರು: "ಶಮೀರ್ ಕೇಳಿದ್ದ ಕಣೇ."

ಮುಂದಿನ ವಾರ ಶಮೀರ್ ಶೆಡ್ಡಿನಿಂದ ಗೀರುಬಿದ್ದ ಹಳೆಯದೊಂದು ದಪ್ಪ ರೆಕ್ಕೆ, ಗಿಡ್ಡ ಕಂಬ ತಂದ. "ಒಂದೇ ಕಂಪನಿದು ಅಣ್ಣಾ, ಸ್ಕ್ರೂ ಸೇರತ್ತೆ." ಇವರು ಮುಖ ಸಣ್ಣದು ಮಾಡಿಕೊಂಡೇ ಸ್ಕ್ರೂ ಬಿಗಿದರು. "ಎಮ್ಮೆ ಇದ್ದಂಗಿದೆ" ಅಂತ ಗೊಣಗಿದರು.

"ಎಮ್ಮೆ ಬೀಳ್ಸಲ್ಲ ಅಣ್ಣಾ" ಎಂದ ಶಮೀರ್.

ಗಾಳಿ ಏನೂ ಜೋರಿರಲಿಲ್ಲ. ಇವರು ಮಂಡಿಯೂರಿ, ಎದ್ದು, ತೂಗಾಡಿ... ನಾನು ಅಭ್ಯಾಸದಂತೆ ಕಡಲೆಕಾಯಿ ಕೈಗೆತ್ತಿಕೊಂಡೆ.

ಆಗ ನೀರಿನ ಸದ್ದು ನಿಂತಿತು.

ಬೋರ್ಡು ನೀರಿನಿಂದ ಒಂದು ಗೇಣು ಮೇಲಿದೆ. ಅದರ ಮೇಲೆ ಇವರಿದ್ದಾರೆ. ಬಾಯಿ ತೆರೆದಿದೆ, ಹೋಗುತ್ತಿದ್ದಾರೆ... ಒಂದು ದೋಣಿಯನ್ನು ದಾಟಿ ಹೋಗುತ್ತಿದ್ದಾರೆ. ನಾನು ಎದ್ದು ನಿಂತಿದ್ದೇನೆ. ಕಡಲೆಕಾಯಿಯೆಲ್ಲ ಮರಳಿನ ಪಾಲು.

ಕೊನೆಗೆ ಬಿದ್ದರು, ನಿಜ. ಆದರೆ ತಲೆ ಮೇಲೆ ಬಂದ ಕೂಡಲೇ ಗಾಳಿಯನ್ನೂ ಶಮೀರನನ್ನೂ ನನ್ನನ್ನೂ ಸೇರಿಸಿ ಬಯ್ದರು. ಕೇಳಿ ಎಷ್ಟು ನೆಮ್ಮದಿಯಾಯಿತೆಂದರೆ...

ದಪ್ಪ ರೆಕ್ಕೆ ಎತ್ತಿತು,
ತಪ್ಪು ಯಾರದು ಗೊತ್ತಾಯಿತು.

ಸೋಮವಾರ ಅಂಗಡಿಗೆ ಊಟ ತೆಗೆದುಕೊಂಡು ಹೋದಾಗ ಇವರು ಏಣಿಯ ಮೇಲಿದ್ದರು. ತೆಳ್ಳನೆ ರೆಕ್ಕೆಯನ್ನು ಅಟ್ಟಕ್ಕೆ ಸೇರಿಸುತ್ತಿದ್ದರು. "ಮಾರಲ್ವಾ?" ಎಂದೆ. "ಮುಂದಕ್ಕೆ ಬೇಕಾಗತ್ತೆ ಕಣೇ" ಎಂದರು. ಈ ಸಲ ನಾನು ನಗಲಿಲ್ಲ.

ಕನ್ನಡ ಮೀಡಿಯಂನಲ್ಲಿ ಓದಿದ ನಾನು ಒಮ್ಮೆ ಕಂಪ್ಯೂಟರ್ ಕ್ಲಾಸಿಗೆ ಸೇರಿ, ಬರೀ ಇಂಗ್ಲಿಷಿನಲ್ಲೇ ನಡೆದ ಪಾಠ ಕೇಳಿ, ನನ್ನ ತಲೆಗೆ ಇದು ಹತ್ತುವುದಿಲ್ಲ ಎಂದು ವಾರದೊಳಗೇ ಬಿಟ್ಟುಬಂದಿದ್ದೆ. ಅದು ನೆನಪಾಗಿ ಏಣಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತೆ.

"ನನ್ನ ಕೈಲಾಗಲ್ಲ" ಎಂದು ನೀವು ಬಿಟ್ಟುಬಿಟ್ಟದ್ದು ಏನಾದರೂ ಇದೆಯಾ? ಬಿಡುವ ಮುಂಚೆ ಸೈಜ್ ನೋಡಿದ್ದಿರಾ?