ಎರಡು ಲಾಳಿಯ ಅಭ್ಯಾಸ

"ಪಡಿಪ್ಪು ನಮ್ಮ ರಕ್ತದಲ್ಲೇ ಇಲ್ಲ ಕಣ್ಣೂ. ಇದು ಆಗೋ ಕೆಲ್ಸ ಅಲ್ಲ" ಎಂದವರು ನಮ್ಮ ದೊಡ್ಡಪ್ಪ. ತಮಿಳು ಬೆರೆತ ನಮ್ಮ ಮನೆಮಾತಿನಲ್ಲಿ ಓದಿಗೆ ಪಡಿಪ್ಪು ಎಂದೇ ಹೆಸರು, ಮುದ್ದಿನ ಕರೆಗೆ ಕಣ್ಣು. ಮಗ್ಗದಲ್ಲಿ ಕುಳಿತೇ ಹೇಳಿದರು, ಲಾಳಿಯನ್ನೂ ನಿಲ್ಲಿಸಲಿಲ್ಲ. ಮರುದಿನ ನಾನು ಅನ್ನೂರಿನಲ್ಲಿ ಬಸ್ಸು ಹತ್ತಿ ಪೀಳಮೇಡಿನ ಕಾಲೇಜು ಸೇರಿದೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನನ್ನ ಕೈಗೆ ಬಂದದ್ದು ಯೀಸ್ಟ್. ಹಿಟ್ಟು ಉಬ್ಬಿಸುವ ಅದೇ ಜೀವಿ. ಎರಡು ತಳಿಗಳು: ಒಂದು ಬೇಕರಿಯದು, ಇನ್ನೊಂದು ಆನೈಮಲೈ ಕಡೆಯ ತೆಂಗಿನ ಹೊಂಬಾಳೆಯ ರಸದಲ್ಲಿ ಸಿಕ್ಕಿದ್ದು. ಒಂದು ಜೀನ್ ಎರಡರಲ್ಲೂ ಅಕ್ಷರ ಬಿಡದೆ ಒಂದೇ. ಆದರೂ ತೆಂಗಿನದರಲ್ಲಿ ಅದು ಜೋರಾಗಿ ಕೆಲಸ ಮಾಡುತ್ತಿತ್ತು, ಬೇಕರಿಯದರಲ್ಲಿ ತೂಕಡಿಸುತ್ತಿತ್ತು. ಬರಹ ಒಂದೇ ಆದಮೇಲೆ ಓದು ಯಾಕೆ ಬೇರೆ? ನನಗೆ ತಲೆಬುಡ ತಿಳಿಯಲಿಲ್ಲ.

"ವ್ಯತ್ಯಾಸ ಆ ಜೀನಿನಲ್ಲೇ ಇರಬೇಕು ಅಂತ ಯಾರು ಹೇಳಿದ್ದು? ಅದನ್ನ ಆಡಿಸೋ ಕೈ ಬೇರೆಲ್ಲೋ ಇರಬಹುದು" ಎಂದರು ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ನಮ್ಮ ಮೇಡಂ. ಎರಡೂ ತಳಿಗಳನ್ನು ಕೂಡಿಸಿ ಹುಟ್ಟಿದ ಮರಿಗಳನ್ನು ಕೊಟ್ಟು, ಆ ಜೀನ್ ಪ್ರತಿಯೊಂದರಲ್ಲೂ ಎಷ್ಟು ಕೆಲಸ ಮಾಡುತ್ತದೆಂದು ಅಳೆಯಲು ಹೇಳಿದರು.

ಮರಿಗಳು ಒಂದೊಂದು ನಳಿಕೆಯಲ್ಲಿ ಒಂದೊಂದು ಥರ ಬೆಳೆದವು. ಕೆಲವು ದಟ್ಟ, ಕೆಲವು ತೆಳು. ಅದನ್ನು ನೋಡಿ ನನ್ನ ಕೈ ಸುಮ್ಮನಿರಲಿಲ್ಲ. ನಮ್ಮ ಮಗ್ಗದಲ್ಲಿ ಒಂದೇ ಬಣ್ಣದ ನೂಲು ಎರಡು ಕಂತಿನಲ್ಲಿ ಬಣ್ಣಕ್ಕೆ ಅದ್ದಿ ಬಂದಿದ್ದರೆ ಒಂದು ಚೂರು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಹಾಗೇ ನೇಯ್ದರೆ ಸೀರೆಯಲ್ಲಿ ಪಟ್ಟೆ ಬೀಳುತ್ತದೆ. ಅದಕ್ಕೆ ಎರಡನ್ನೂ ಎರಡು ಲಾಳಿಗೆ ಹಾಕಿ ಒಂದರ ಹಿಂದೆ ಒಂದು ಬಿಡುತ್ತೇವೆ. ವ್ಯತ್ಯಾಸ ಒಂದರೊಳಗೊಂದು ಕರಗಿಹೋಗುತ್ತದೆ. ನಾನೂ ಹಾಗೇ ಎಲ್ಲ ನಳಿಕೆಗಳಿಂದ ಸಮನಾಗಿ ತೆಗೆದು ಬೆರೆಸಿ, ಮತ್ತೆ ನಳಿಕೆಗಳಿಗೆ ಹಂಚಿ ಅಳೆದೆ. ಗ್ರಾಫ್ ಮಗ್ಗದ ಹಾಸುನೂಲಿನಂತೆ ನೇರವಾಗಿ ಬಂತು. ಒಂದು ಪಟ್ಟೆಯೂ ಇಲ್ಲ. ಹೆಮ್ಮೆಯಿಂದಲೇ ತೋರಿಸಿದೆ.

ಮೇಡಂ ಬಹಳ ಹೊತ್ತು ನೋಡಿದರು. "ಏನಮ್ಮಾ ಇದು, ಒಂದೇ ಮನೆ ಮಕ್ಕಳೆಲ್ಲ ಒಂದೇ ಅಚ್ಚಾ?" ಎಲ್ಲವನ್ನೂ ಬೆರೆಸಿದೆನೆಂದು ನಾನು ಹೇಳಿದಾಗ ತಲೆಯ ಮೇಲೆ ಕೈ ಇಟ್ಟುಕೊಂಡರು. "ನಾವು ಹುಡುಕ್ತಾ ಇರೋದೇ ಆ ಪಟ್ಟೆನ!"

ಮತ್ತೆ ಮೊದಲಿಂದ ಮಾಡಬೇಕು. ವೈವಾ ಹತ್ತಿರ ಬಂದಿತ್ತು; ತಪ್ಪಿದರೆ ಆ ವರ್ಷ ಪದವಿ ಇಲ್ಲ. ಅಪ್ಪ ಇಲ್ಲದ ಮನೆಯಲ್ಲಿ ಇನ್ನೊಂದು ವರ್ಷ ಕೇಳುವ ಬಾಯಿ ನನಗಿರಲಿಲ್ಲ. "ಮುಗೀತಾ?" ಎಂದು ಅಮ್ಮ ದಿನಾ ಕೇಳುತ್ತಿದ್ದರು. ಏನು ಮುಗಿಯಬೇಕೆಂದು ನನಗೇ ಗೊತ್ತಿರಲಿಲ್ಲ.

ಈ ಸಲ ಯಾವುದನ್ನೂ ಬೆರೆಸದೆ ಬೇರೆಬೇರೆಯಾಗಿ ಅಳೆದೆ. ಗೊಂದಲ ಇನ್ನೂ ಹೆಚ್ಚಾಯಿತು. ಕೆಲವು ಮರಿಗಳು ತೆಂಗಿನದರಂತೆ, ಕೆಲವು ಬೇಕರಿಯದರಂತೆ, ಕೆಲವು ನಡುವೆ. ಒಂದೆರಡು ಹೆತ್ತ ಎರಡನ್ನೂ ಮೀರಿ ನಿಂತಿದ್ದವು. ತಾಯಿತಂದೆಯರಲ್ಲಿ ಇಲ್ಲದ್ದು ಮಕ್ಕಳಿಗೆ ಹೇಗೆ? ಎರಡರಲ್ಲೂ ಆ ಜೀನಿನ ಕೆಲಸವನ್ನು ಮೇಲಕ್ಕೆ ಎತ್ತುವ ಕೈಗಳೂ ಕೆಳಕ್ಕೆ ಎಳೆಯುವ ಕೈಗಳೂ ಇದ್ದು, ಎತ್ತುವವೆಲ್ಲ ಈ ಮರಿಗಳಲ್ಲಿ ಒಟ್ಟಿಗೆ ಸೇರಿರಬಹುದು ಎಂದರು ಮೇಡಂ. ತಲೆಯಾಡಿಸಿದೆ. ಬಸ್ಸಿನಲ್ಲಿ ಕುಳಿತು ಯೋಚಿಸಿದಾಗ ಅರ್ಧ ಜಾರಿಹೋಯಿತು.

ವೈವಾದಲ್ಲಿ ಒಂದೇ ಪ್ರಶ್ನೆ ನನ್ನನ್ನು ಕಟ್ಟಿಹಾಕಿತು: ವ್ಯತ್ಯಾಸ ಎಲ್ಲಿದೆ?

"ಆ ಜೀನಿನಲ್ಲಿ ಇಲ್ಲ ಸಾರ್. ಒಂದೇ ಕಡೆಯೂ ಇದ್ದ ಹಾಗಿಲ್ಲ. ಎಲ್ಲೆಲ್ಲಿ ಅಂತ ನನಗೆ ಗೊತ್ತಾಗಲಿಲ್ಲ."

ಹೊರಗಿನಿಂದ ಬಂದಿದ್ದ ಪರೀಕ್ಷಕರು ಮೇಡಂ ಕಡೆ ನೋಡಿ ನಕ್ಕರು. ಪಾಸು ಮಾಡಿದರು. ಗೊತ್ತಿಲ್ಲ ಎಂದದ್ದಕ್ಕೋ ಅಳೆದದ್ದಕ್ಕೋ, ಇವತ್ತಿಗೂ ತಿಳಿಯದು.

ಪದವಿ ಪತ್ರ ಬಂದ ದಿನ ನೇರ ದೊಡ್ಡಪ್ಪನ ಮಗ್ಗದ ಹತ್ತಿರ ಹೋಗಿ ಅವರ ಕೈಗೇ ಕೊಟ್ಟೆ. ಲಾಳಿ ನಿಂತಿತು. ಅವರಿಗೆ ಓದು ಬಾರದು. ಸೀರೆಯ ಸೆರಗು ನೋಡುವ ಹಾಗೆ ಅಂಚನ್ನು ಬೆರಳಲ್ಲಿ ಸವರಿದರು, ಬೆಳಕಿಗೆ ಹಿಡಿದರು.

"ನನ್ಗಿಲ್ಲ. ನಿಮ್ಮಪ್ಪನ್ಗೂ ಇರ್ಲಿಲ್ಲ. ನಿನ್ಗೆ ಎಲ್ಲಿಂದ ಬಂತು ಕಣ್ಣೂ ಇದು?"