ಅಂಚೆಪೆಟ್ಟಿಗೆಯೊಳಗಿನ ಹಡಗು

ಖಾಲಿ ಡಬ್ಬಿ ಎಸೆಯಲು ನನಗೆ ಕೈ ಬರುವುದಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಗುಂಡಿಗಳು, ಅದರೊಳಗೆ ಇನ್ನೊಂದು ಸಣ್ಣ ಡಬ್ಬಿ. ಹೀಗೆ ನಮ್ಮ ಕಪಾಟು ವರ್ಷವಿಡೀ ತುಂಬುಗರ್ಭಿಣಿ. ಹಾಗಾಗಿ ಕಂಪ್ಯೂಟರಿನೊಳಗೂ ಜಾಗ ಮುಗಿಯುತ್ತದೆ ಎಂದು ಕೇಳಿದಾಗ ನನಗೆ ಕನಿಕರವೇ ಬಂತು. ಪಾಪ, ಅದೂ ನಮ್ಮಂತೆ ಸಂಸಾರಸ್ಥ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ನಾದಿನಿ ಸುಮತಿ ಕಾರವಾರದ ನಮ್ಮ ಮನೆಯಲ್ಲಿದ್ದುಕೊಂಡು ಕಪ್ಪೆಚಿಪ್ಪುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ವಿಶ್ವವಿದ್ಯಾಲಯದವರು ತಮ್ಮ ಕಂಪ್ಯೂಟರ್ ಜಾಲದಲ್ಲಿ ಅವಳಿಗೊಂದು ಇ-ಮೇಲ್ ಅಂಚೆಪೆಟ್ಟಿಗೆ ಕೊಟ್ಟರು. ಓದಿನ ಕೆಲಸಕ್ಕೆ ಮಾತ್ರ ಬಳಸಿ ಎಂಬ ಬುದ್ಧಿಮಾತೂ ಜೊತೆಗೆ ಬಂತು. ಆದರೆ ನಮ್ಮ ಕೇರಿಯಲ್ಲಿ ‘ಇಲ್ಲ’ ಎನ್ನಲು ನಾಲಿಗೆ ಹೊರಳುವುದಿಲ್ಲ. ಮೊಸರು ಮುಗಿದಿದ್ದರೂ ಸಂಜೆಗೆ ಕಳಿಸುತ್ತೇವೆ ಎನ್ನುವವರು ನಾವು.

ಪಕ್ಕದ ಮನೆಯ ಶಕುಂತಲಾಬಾಯಿ ಹಣಕೋಣದವಳು. ಅವಳ ಗಂಡ ಸರಕಿನ ಹಡಗಿನಲ್ಲಿ ಅಡುಗೆಯವನು. ಅವನಿಗೆ ಕಾಗದ ಕಳಿಸಿಕೊಡಿ ಎಂದು ಕೇಳಿದಳು. ಅವಳು ಕೊಂಕಣಿಯಲ್ಲಿ ಹೇಳಿದ್ದನ್ನು ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಡುವುದು, ಸುಮತಿ ಅದನ್ನು ಕಳಿಸುವುದು ಎಂದಾಯಿತು. ಎಮ್ಮೆ ಈದಿತು, ಹೆಣ್ಣು ಕರು ಎಂದು ಬರೆದ ದಿನ ನನ್ನ ಕಾನ್ವೆಂಟ್ ವಿದ್ಯೆ ಸಾರ್ಥಕವಾಯಿತು.

ಉತ್ತರದ ಜೊತೆ ಫೋಟೋಗಳೂ ಬರತೊಡಗಿದವು. ಹಗ್ಗದ ಪಕ್ಕ ನಿಂತ ಗಂಡ, ಸೌಟು ಹಿಡಿದ ಗಂಡ, ಯಾವುದೋ ದೇಶದ ಹಿಮದಲ್ಲಿ ಮಂಕಿ ಟೋಪಿಯ ಗಂಡ. ಒಂದೊಂದು ಫೋಟೋ ರಾಶಿ ಕಾಗದಗಳ ಜಾಗ ನುಂಗುತ್ತಿತ್ತು. ಅಳಿಸುತ್ತೇನೆಂದು ಸುಮತಿ ಹೇಳಿದರೆ ಶಕುಂತಲಾಬಾಯಿ ಬಿಡಲಿಲ್ಲ. ಸಮುದ್ರದ ಮೇಲಿದ್ದವರ ಕಾಗದವನ್ನು ಅವರು ದಡ ಸೇರುವ ತನಕ ಹರಿಯಬಾರದು, ಅದು ಅವಳ ಅತ್ತೆಯ ಕಾಲದಿಂದ ಬಂದ ಪದ್ಧತಿ.

ಸುಮತಿಯ ಮಾರ್ಗದರ್ಶಕರು ಆಗ ವಿದೇಶದಲ್ಲಿದ್ದರು. ಶನಿವಾರದೊಳಗೆ ಅವರ ಒಪ್ಪಿಗೆ ಬಾರದಿದ್ದರೆ ಪ್ರಬಂಧ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಅವರು ಬರೆದ ಕಾಗದವೋ, ಪೆಟ್ಟಿಗೆ ತುಂಬಿದೆಯೆಂದು ಅವರಿಗೇ ವಾಪಸಾಯಿತು. ಕಂಪ್ಯೂಟರ್ ಕೋಣೆಯ ಮುಖ್ಯಸ್ಥರಾದ ಅಂಕೋಲೆಯ ನಾಯಕ ಸರ್ ಸುಮತಿಯನ್ನು ಕರೆಸಿದರು.

“ಇದು ಎಲ್ಲರ ಜಾಗ ಮಾರಾಯ್ತಿ. ನೀನು ಹಡಗು ತಂದು ನಿಲ್ಸಿಟ್ರೆ ಬಾಕಿಯವ್ರು ಎಲ್ಲಿಗೆ ಹೋಗೂದು? ಖಾಲಿ ಮಾಡು, ಇಲ್ದಿದ್ರೆ ನಾನೇ ಬಂದ್ ಮಾಡ್ತೆ.”

ಅವಳು ಗುಟ್ಟಾಗಿ ಅಳಿಸಿಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಳಿಸದೆ ಮನೆಗೆ ಬಂದು ಅನ್ನದ ತಟ್ಟೆಯ ಮುಂದೆ ನನಗೆ ಎಲ್ಲ ಹೇಳಿದಳು. ಇನ್ನೊಬ್ಬರ ನಂಬಿಕೆಗೂ ಒಂದು ಪಾಸ್‌ವರ್ಡ್ ಇರುತ್ತದೆ, ಅದನ್ನು ಅವರಿಂದಲೇ ಕೇಳಿ ಪಡೆಯಬೇಕು.

ಕೇಳಲು ನಾನೇ ಹೋದೆ. ಶಕುಂತಲಾಬಾಯಿ ತಾರ್ಲೆ ಮೀನು ತೊಳೆಯುತ್ತಿದ್ದಳು. ವಿಷಯ ತಿಳಿಸಿ, ನನ್ನ ಶಾಲೆಯ ಸಿಸ್ಟರ್ ಒಬ್ಬರ ಕಥೆಯನ್ನೂ ಹೇಳಿದೆ. ಕರಿಹಲಗೆಯ ಮೇಲೆ ಎಷ್ಟೇ ಚಂದದ ಚಿತ್ರ ಬರೆದಿದ್ದರೂ ಪಾಠ ಮುಗಿದೊಡನೆ ಅವರೇ ಒರೆಸುತ್ತಿದ್ದರು. ಮುಂದಿನ ತರಗತಿಯವರು ಬರುತ್ತಾರಲ್ಲ. ಶಕುಂತಲಾಬಾಯಿಗೆ ಸಿಸ್ಟರ್ ಕಥೆ ಬೇಕಾಗಿರಲಿಲ್ಲ.

“ಹುಡ್ಗೀದು ವರ್ಷ ಹೋಗ್ತದಾ ವೈನಿ?” ಎಂದಳು. ಹೌದೆಂದೆ. “ಹಂಗಾರೆ ಅಳ್ಸೂಕೆ ಹೇಳಿ. ಆದ್ರೆ ನಾನು ಎದ್ರಿಗೆ ಇರಬೇಕು.”

ನಮ್ಮನ್ನು ಕಂಪ್ಯೂಟರ್ ಕೋಣೆಗೆ ಬಿಡಲು, ಇದೊಂದು ಸಲ ಎಂದು ನಾಯಕ ಸರ್ ಒಪ್ಪಿದರು. ಚಪ್ಪಲಿ ಹೊರಗೆ ಬಿಟ್ಟು, ದೇವರ ಕೋಣೆಗೆ ಹೋದಂತೆ ಒಳಗೆ ಹೋದೆವು. ಅವಳು ಒಂದೊಂದೇ ಫೋಟೋ ನೋಡಿದಳು. ಮಂಕಿ ಟೋಪಿ ಕಂಡಾಗ, ಸೊರಗಿದಾರೆ ಎಂದಳು. ಅಳಿಸುವ ಮುಂಚೆ ಪ್ರತಿ ಸಲವೂ ಕೈಮುಗಿದು ಸುರಕ್ಷಿತವಾಗಿ ದಡ ಸೇರಿ ಎನ್ನುತ್ತಿದ್ದಳು. ನಾಯಕ ಸರ್ ಕಿಟಕಿಯ ಕಡೆ ತಿರುಗಿ ನಿಂತಿದ್ದರು.

ಶುಕ್ರವಾರ ಮಧ್ಯಾಹ್ನ ಸುಮತಿ ಓಡುತ್ತಲೇ ಬಂದಳು. ಮಾರ್ಗದರ್ಶಕರು ಮತ್ತೆ ಕಳಿಸಿದ ಒಪ್ಪಿಗೆ ಬಂದಿತ್ತು. ಶಕುಂತಲಾಬಾಯಿ ಬೇಲಿಯ ಬಳಿ ಬಂದು, ಕಾಗದ ಎಷ್ಟುದ್ದ ಇತ್ತೆಂದು ವಿಚಾರಿಸಿದಳು. ಸರಿಯಿದೆ, ಸಲ್ಲಿಸು ಎಂದು ಒಂದೇ ಸಾಲು ಎಂದಳು ಸುಮತಿ.

ಶಕುಂತಲಾಬಾಯಿ ಸೊಂಟದ ಮೇಲೆ ಕೈಯಿಟ್ಟಳು. “ಒಂದು ಸಾಲಿಗೆ ನನ್ನ ಅಷ್ಟೆತ್ತರದ ಗಂಡನ್ನ ಪೂರಾ ಅಳ್ಸಿದ್ಯೇನೇ?”

ಆಮೇಲೆ ತಾನೇ ಮೊದಲು ನಕ್ಕಳು. ನಗು ನಿಂತ ಮೇಲೆ ನನ್ನತ್ತ ತಿರುಗಿ, ಈ ಸಲ ಅವರಿಗೆ ಅಂಚೆ ಕಚೇರಿಯ ಕಾಗದದಲ್ಲೇ ಬರೆಯಿರಿ ಎಂದಳು.

“ಇಲ್ಲಿ ಫೋಟೋಕ್ಕೆ ಜಾಗ ಇಲ್ಲ, ನಿಮಗೆ ಅದೆ. ನೀವೇ ಬನ್ನಿ ಅಂತ ಬರೀರಿ.”