ನಾಗಾವಿಯಲ್ಲಿ ಅಕ್ಕನ ಉಡಿ

ನಾನು ಚಿಕ್ಕವಳಿದ್ದಾಗ, ಅಂದರೆ ಮೂಗು ಸುರಿದರೆ ಪರಕಾರದ ಅಂಚಿಗೇ ಒರೆಸಿಕೊಳ್ಳುವಷ್ಟು ಚಿಕ್ಕವಳಿದ್ದಾಗ, ಟ್ರೇನು ಹತ್ತುವುದೆಂದರೆ ನನಗೆ ಜೀವ. ನಮ್ಮೂರು ವಾಡಿ ಜಂಕ್ಷನ್ನಿನ ಪಕ್ಕದಲ್ಲೇ. ದಿನವಿಡೀ ಗಾಡಿಗಳ ಸಿಳ್ಳೆ ಕೇಳುತ್ತಿತ್ತು, ಹತ್ತುವ ಯೋಗ ಮಾತ್ರ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಮಳೆ ಇನ್ನೂ ಬಾರದ ಜೂನ್ ತಿಂಗಳ ಒಂದು ಮುಂಜಾನೆ ಅಪ್ಪ, “ಚಿತ್ತಾಪುರಕ್ಕ ಹೋಗೂಣು ನಡೀರಿ” ಎಂದಾಗ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತವಳು ನಾನೇ.

ಯಾಕೆ ಹೋಗುತ್ತಿದ್ದೇವೆಂದು ಎಲ್ಲರಿಗೂ ಗೊತ್ತಿತ್ತು. ಅಕ್ಕ ಏಳನೆಯ ತರಗತಿ ಪಾಸಾಗಿದ್ದಳು. ನಮ್ಮೂರ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಎಂಟನೆಯದಕ್ಕೆ ಚಿತ್ತಾಪುರದ ಹೈಸ್ಕೂಲಿನಲ್ಲಿ ಅವಳ ಹೆಸರು ಹಚ್ಚಿಸುವುದಾಗಿ ಅಪ್ಪ ಹೇಳಿದ್ದ. ಅಕ್ಕ ಟಿ.ಸಿ. ಕಾಗದವನ್ನು ಮಡಿಕೆ ಬೀಳದಂತೆ ನೋಟುಬುಕ್ಕಿನೊಳಗೆ ಇಟ್ಟುಕೊಂಡು, ಅದನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡಿದ್ದಳು. ಅವ್ವ ತನ್ನ ಇಲಕಲ್ ಸೀರೆ ತೆಗೆದು ಅವಳಿಗೆ ಉಡಿಸಿದಳು. ಅಕ್ಕನಿಗೆ ಆಗ ಹದಿಮೂರು. ಸೀರೆ ಅವಳಿಗಿಂತ ದೊಡ್ಡದಿತ್ತು.

“ಸೀರಿ ಯಾಕವ್ವಾ? ಪರಕಾರ ಸಾಕು” ಎಂದಳು ಅಕ್ಕ.

“ಹೈಸ್ಕೂಲಿಗಿ ಹೋಗಾಕಿ ಪರಕಾರ ಹಾಕ್ಕೊಂಡು ಹೋದ್ರ ಮಾಸ್ತರು ಒಂದನೇತ್ತಕ್ಕ ಕೂಡಸ್ತಾರ ನೋಡು” ಎಂದಳು ಅವ್ವ. ನಾವಿಬ್ಬರೂ ನಕ್ಕೆವು. ಅವ್ವ ನಗಲಿಲ್ಲ. ಅದು ನನಗೆ ಆಗ ಕಾಣಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಅದಕ್ಕೆ ಮೂರು ತಿಂಗಳ ಹಿಂದೆ ಅಕ್ಕನನ್ನು ನೋಡಲು ಒಂದು ಮನೆಯವರು ಬಂದಿದ್ದರು. ಚಹದ ಬಟ್ಟಲು ಹಿಡಿದು ಹೊರಬಂದ ಅಕ್ಕ ಬಲಗಾಲು ಎಳೆಯುತ್ತ, ಚಹ ತುಳುಕಿಸುತ್ತ, ಪಡಸಾಲೆಯುದ್ದಕ್ಕೂ ಕುಂಟುತ್ತ ನಡೆದಳು. ಬಂದವರು ಮುಖ ಮುಖ ನೋಡಿಕೊಂಡು, ಚಹ ಕುಡಿದು ಎದ್ದು ಹೋದರು. ಅವರು ಓಣಿ ದಾಟುವುದರೊಳಗೆ ಅಕ್ಕ ಹಿತ್ತಲಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ಅಪ್ಪ ಬೈಯಲಿಲ್ಲ. “ಓದ್ತೀನಂತಾಳ, ಓದಲಿ ಬಿಡು” ಎಂದ. ಅಕ್ಕ ಅದನ್ನು ನಂಬಿದಳು. ನಾನೂ ನಂಬಿದೆ.

ಟ್ರೇನಿನಲ್ಲಿ ಕಿಟಕಿಯ ಪಕ್ಕ ಕೂತೆ. ಇದ್ದಿಲಿನ ಕಿಡಿ ಕಣ್ಣಿಗೆ ಬಿದ್ದು ಉರಿದರೂ ತಲೆ ಒಳಗೆ ಎಳೆದುಕೊಳ್ಳಲಿಲ್ಲ. ಹರಗಿ ಬಿಟ್ಟ ಎರೆಹೊಲಗಳು ಬಿಸಿಲಿಗೆ ಬಾಯಿ ಬಿಟ್ಟುಕೊಂಡು ಮಲಗಿದ್ದವು. ಚಿತ್ತಾಪುರದಲ್ಲಿ ಇಳಿದಾಗ ಅಪ್ಪ, “ಹೆಡ್‌ಮಾಸ್ತರು ಮೂರು ಗಂಟೆಕ್ಕ ಬರ್ತಾರಂತ. ಅಲ್ಲೀತನಾ ನಾಗಾವಿ ನೋಡ್ಕೊಂಡು ಬರೂಣು” ಎಂದು ಟಾಂಗಾ ಕರೆದ. ಹಳೆಯ ಗುಡಿ, ಬರಹದ ಕಲ್ಲು ಎಂದರೆ ಅಕ್ಕನಿಗೆ ಹುಚ್ಚು. ಅವಳ ಮುಖ ಅರಳಿದ್ದು ನೋಡಿ ನನಗೂ ಖುಷಿಯಾಯಿತು.

ಅಪ್ಪ ಶಹಾಬಾದಿನ ಕಡೆ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ಎಬ್ಬಿಸುವ ಕೆಲಸ ಮಾಡುತ್ತಿದ್ದ. ಕಲ್ಲು ಕಂಡರೆ ಬೆರಳ ಗಿಣ್ಣಿನಿಂದ ಬಡಿದು ಸದ್ದು ಕೇಳುವುದು ಅವನ ರೂಢಿ. ನಾಗಾವಿಯ ಅರವತ್ತು ಕಂಬದ ಗುಡಿಯಲ್ಲಿ ಒಂದೊಂದು ಕಂಬವನ್ನೂ ಬಡಿದು ನೋಡಿದ. ಹೊರಗೆ ಕಾದ ಕಾವಲಿಯಂಥ ಬಿಸಿಲು, ಒಳಗೆ ಬಾವಲಿಯ ಘಾಟು, ಅಂಗಾಲಿಗೆ ತಣ್ಣಗೆ ತಾಗುವ ನೆಲ. ಅಕ್ಕ ನೋಟುಬುಕ್ಕನ್ನು ಅವ್ವನ ಕೈಗಿಟ್ಟು ಕಂಬ ಎಣಿಸುತ್ತ ಓಡಿದಳು. ಎರಡು ಸಲ ಎಣಿಸಿದರೂ ಲೆಕ್ಕ ಬೇರೆ ಬೇರೆ ಬಂತು.

ಹೊರಗೆ ಒಂದು ವೀರಗಲ್ಲು ಅರ್ಧ ಮಣ್ಣಲ್ಲಿ ಹೂತು ನಿಂತಿತ್ತು. ಕೆಳಗೆ ಕತ್ತಿ ಹಿಡಿದವನು, ಮೇಲೆ ಅವನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ತುದಿಯಲ್ಲಿ ಲಿಂಗ. ನಾನು ಕೈಮುಗಿದೆ. ಅದರಾಚೆ ಮೈತುಂಬ ಬರಹವಿದ್ದ ದೊಡ್ಡ ಕಲ್ಲು. ಅಕ್ಕ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಸೆರಗಿನಿಂದ ಧೂಳು ಒರೆಸಿ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದಳು.

“ಯಪ್ಪಾ, ಇದು ‘ಗ’ ನೋಡು. ಇದು ‘ನ’. ಇದೇನೋ ಗೊತ್ತಾಗವಲ್ದು.”

“ಒಂದು ಕಾಲಕ್ಕ ಇಲ್ಲಿ ಭಾಳ ದೊಡ್ಡ ಸಾಲಿ ಇತ್ತಂತವ್ವ. ಎಲ್ಲೆಲ್ಲಿಂದೋ ಬಂದು ಓದ್ತಿದ್ರಂತ. ಪುಸ್ತಕ ಇಡ್ಲಿಕ್ಕೇ ಒಂದು ಮನಿ, ಅದನ್ನ ನೋಡ್ಕೊಳ್ಲಿಕ್ಕ ಮಂದಿ” ಎಂದ ಅಪ್ಪ. ಹೇಳುವಾಗ ಅವನ ದನಿ ಯಾಕೋ ತಗ್ಗಿತು.

“ಹೈಸ್ಕೂಲ್ ಮುಗದ ಮ್ಯಾಲ ಇದನ್ನೆಲ್ಲಾ ಓದೂದು ಕಲೀತೀನಿ” ಎಂದಳು ಅಕ್ಕ. ಅಪ್ಪ ಮುಖ ತಿರುಗಿಸಿ ಮತ್ತೊಂದು ಕಲ್ಲನ್ನು ಬಡಿದ.

ಅಷ್ಟರಲ್ಲಿ ಎಲ್ಲಮ್ಮನ ಗುಡಿಯ ಕಡೆಯಿಂದ ದೊಡ್ಡ ಮೂಗುತಿಯ ಒಬ್ಬ ಹೆಣ್ಣುಮಗಳು ಬಂದಳು. ಹಿಂದೆ ಇಬ್ಬರು ಹೆಂಗಸರು, ಅವರ ಕೈಯಲ್ಲಿ ಮುಚ್ಚಿದ ಬುಟ್ಟಿ. ಅವಳು ಬಹಳ ಹೊತ್ತಿನಿಂದ ದೂರದಲ್ಲಿ ಕೂತು ಅಕ್ಕ ಓಡಾಡುವುದನ್ನೇ ನೋಡುತ್ತಿದ್ದಳು. ಬಿಸಿಲಿಗೆ ದಣಿದು ಕೂತಿದ್ದಾಳೆ ಅಂದುಕೊಂಡಿದ್ದೆ.

“ಕುಂಟ್ತಾಳಂತ ಮಂದಿ ಅಂದಿದ್ರು, ಕಾಲು ನೆಟ್ಟಗ ಅವ ಬಿಡ್ರಿ ಹುಡುಗೀವು! ಜಿಂಕಿ ಹಂಗ ಜಿಗೀತಾಳ” ಎಂದು ಅವ್ವನಿಗೆ ಹೇಳಿ ನಕ್ಕಳು. ಅಕ್ಕನ ಕಡೆ ತಿರುಗಿ, “ಬಾ ನನ್ನವ್ವ, ದೇವೀ ಮುಂದ ಇಟ್ಟು ತಂದೀನಿ, ಉಡಿ ತುಂಬ್ತೀನಿ. ಸೆರಗೊಡ್ಡು” ಎಂದಳು.

ಗುಡಿಗೆ ಬಂದವರು ಕಂಡ ಹೆಣ್ಣುಮಕ್ಕಳಿಗೆ ಉಡಿ ತುಂಬುವುದು ನಮ್ಮ ಕಡೆ ಹೊಸದಲ್ಲ. ಆದರೆ ಇನ್ನೊಂದು ರೂಢಿಯೂ ಇದೆ. ಹುಡುಗನ ಕಡೆಯ ಹಿರಿಯಳು ತಂದ ಉಡಿಯನ್ನು ಹುಡುಗಿ ಸೆರಗೊಡ್ಡಿ ತೆಗೆದುಕೊಂಡರೆ ಸಂಬಂಧ ಕುದುರಿದಂತೆ. ಆಮೇಲೆ ಯಾರೂ ಮಾತು ತಿರುಗಿಸುವುದಿಲ್ಲ. ಅಕ್ಕನಿಗೆ ಏನೋ ಅನುಮಾನ ಬಂದಿರಬೇಕು. ಸೆರಗನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು ಅವ್ವನನ್ನು ನೋಡಿದಳು. ಅವ್ವ ನೆಲ ನೋಡುತ್ತಿದ್ದಳು.

ನನ್ನ ಕಣ್ಣು ಬುಟ್ಟಿಯ ಮೇಲಿತ್ತು. ಅಕ್ಕಿಯ ಮೇಲೆ ಎರಡು ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಒಂದು ಕಾಗದದ ಪೊಟ್ಟಣದಲ್ಲಿ ಸಕ್ಕರೆ. ಮುಂಜಾನೆ ತಿಂದ ಅರ್ಧ ರೊಟ್ಟಿ ಯಾವಾಗಲೋ ಕರಗಿತ್ತು. “ತಗೋ ಅಕ್ಕಾ, ದೇವರ ಪ್ರಸಾದ, ಒಲ್ಲೆ ಅನಬಾರದು!” ಎಂದು ನಾನೇ ಅವಳ ಮುಷ್ಟಿ ಬಿಡಿಸಿದೆ. ಸೆರಗಿನ ಎರಡೂ ತುದಿ ಹಿಡಿದು ಅಗಲ ಮಾಡಿದೆ. ಅಕ್ಕಿ ಸುರ್ರನೆ ಬಿತ್ತು.

ಮೂಗುತಿಯ ಹೆಂಗಸು ಅಕ್ಕನ ದೃಷ್ಟಿ ತೆಗೆದು ಗಿಣ್ಣು ಮುರಿದಳು. “ಆತ್ರೆವ್ವಾ, ಇನ್ನ ಈಕಿ ನಮ್ಮಾಕಿ. ದೀಪಾವಳಿ ಆದ ಮ್ಯಾಲ ಅಕ್ಕಿಕಾಳು ಹಾಕಿ ಮದಿವಿ ಮಾಡಿಬಿಡೂಣು.”

ಅಕ್ಕ ಅಪ್ಪನ ಕಡೆ ತಿರುಗಿದಳು. “ಯಪ್ಪಾ, ಹೆಡ್‌ಮಾಸ್ತರು ಮೂರಕ್ಕ ಬರ್ತಾರಂದಿದ್ದಿ.”

ಅಪ್ಪ ವೀರಗಲ್ಲಿಗೆ ಅಂಟಿದ ಮಣ್ಣನ್ನು ಹೆಬ್ಬೆರಳಿಂದ ಕೆರೆಯುತ್ತ ನಿಂತಿದ್ದ. “ಒಳ್ಳೇ ಮನಿ ಅದ ಮಗಳೇ. ಟ್ರೇನಿಗಿ ಹೊತ್ತಾತು, ನಡಿ” ಎಂದ.

ಅಕ್ಕ ಸೆರಗನ್ನು ಬಿಟ್ಟುಬಿಡುತ್ತಾಳೆ, ಎಲ್ಲ ಚೆಲ್ಲುತ್ತಾಳೆ ಎಂದುಕೊಂಡೆ. ಅವಳ ಬೆರಳು ಸಡಿಲವಾದದ್ದನ್ನು ನಾನು ಕಂಡೆ. ಅವ್ವ ಓಡಿಬಂದು ಅವಳ ಕೈ ಹಿಡಿದಳು. “ಚೆಲ್ಲಬ್ಯಾಡವ್ವ, ದೇವೀ ಉಡಿ. ನಿನ್ನ ಕಾಲು ಬೀಳ್ತೀನಿ.” ಅಕ್ಕ ಚೆಲ್ಲಲಿಲ್ಲ. ಟಾಂಗಾದಲ್ಲಿ, ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ, ಎರಡೂ ಕಡೆ ಉಡಿಯ ಭಾರಕ್ಕೆ ಸ್ವಲ್ಪ ಮುಂದೆ ಬಾಗಿ ಕೂತಿದ್ದಳು, ಹೊಟ್ಟೆನೋವು ಬಂದವಳ ಹಾಗೆ.

ಗಾಡಿ ಹೊರಟ ಮೇಲೆ ಒಂದು ಕೊಬ್ಬರಿ ಬಟ್ಟಲು ತೆಗೆದು ನನ್ನ ಕೈಯಲ್ಲಿಟ್ಟಳು. “ತಿನ್ನು. ಇದರ ಸಲುವಾಗೇ ಅಲ್ಲೇನು ಸೆರಗು ಎಳದಿ?”

ತಿಂದೆ. ದೇವರಾಣೆಗೂ ಸುಳ್ಳು ಹೇಳಲಾರೆ, ಬಹಳ ರುಚಿಯಾಗಿತ್ತು. ಪೂರ್ತಿ ತಿಂದೆ.

ಅಕ್ಕನನ್ನು ಸೇಡಂ ಕಡೆಯ ದೊಡ್ಡ ಒಕ್ಕಲುಮನೆಗೆ ಕೊಟ್ಟರು. ಶಿವನ ದಯೆ, ಗಂಡ ಕೈ ಎತ್ತಿದವನಲ್ಲ. ಉಣ್ಣಲು ಉಡಲು ಕೊರತೆಯಾಗಲಿಲ್ಲ. ಹೆತ್ತ ಐದರಲ್ಲಿ ನಾಲ್ಕು ಉಳಿದವು. ಇವೆಲ್ಲ ಸಣ್ಣ ಮಾತಲ್ಲ. ದಿನಾ ಲಿಂಗಪೂಜೆಗೆ ಕೂತಾಗ ಇವನ್ನು ಒಂದೊಂದಾಗಿ ನೆನೆದು ಕೈಮುಗಿಯುತ್ತೇನೆ. ಆದರೆ ಎಷ್ಟು ಎಣಿಸಿದರೂ ಆ ಹೈಸ್ಕೂಲಿನ ಬಾಗಿಲು ಅದರಲ್ಲಿ ಸೇರುವುದಿಲ್ಲ.

ಐದಾರು ವರ್ಷ ಕಳೆದ ಮೇಲೆ ಅಪ್ಪ ನನ್ನನ್ನು ಅದೇ ಹೈಸ್ಕೂಲಿಗೆ ಹಚ್ಚಿದ. ನಾನು ಕೇಳಿರಲಿಲ್ಲ, ನನಗೆ ಬೇಕೂ ಇರಲಿಲ್ಲ. ಪಶ್ಚಾತ್ತಾಪವೋ ಏನೋ, ಅಪ್ಪ ಬಾಯಿಬಿಟ್ಟು ಹೇಳಲಿಲ್ಲ. ದಿನಾ ಟ್ರೇನಿನಲ್ಲಿ ಹೋಗಿ ಬಂದೆ. ಹಿಂದಿನ ಬೆಂಚಿನಲ್ಲಿ ಕೂತು ಹುಣಸೆಬೀಜ ಆಡಿದೆ. ಎಂಟು ಪಾಸು, ಒಂಬತ್ತು ನಪಾಸು, ಅಲ್ಲಿಗೆ ಮುಗಿಯಿತು.

ಮೊಮ್ಮಕ್ಕಳೇ, ಹೋದ ಚಳಿಗಾಲದಲ್ಲಿ ನೀವು ಶಾಲೆಯ ಬಸ್ಸಿನಲ್ಲಿ ನಾಗಾವಿಗೆ ಹೋಗಿ ಬಂದಿರಿ. ಟೋಪಿ, ನೀರಿನ ಬಾಟಲಿ, ಚಿಪ್ಸು, ಮೊಬೈಲಿನ ತುಂಬ ಫೋಟೊ. “ಅಲ್ಲೇನದ ಅಜ್ಜಿ, ಬರೇ ಕಲ್ಲು” ಎಂದಿರಿ. ನಿಮ್ಮನ್ನು ಯಾರೂ ಸುಳ್ಳು ಹೇಳಿ ಅಲ್ಲಿಗೆ ಕರೆದೊಯ್ಯಲಿಲ್ಲ. ನೋಡಿದಿರಿ, ಬಂದಿರಿ, ಮರುದಿನ ತರಗತಿಯಲ್ಲಿ ಕೂತಿರಿ. ಮೊನ್ನೆ ನಮ್ಮ ಹಿರಿಯ ಮೊಮ್ಮಗಳ ಹೆಸರನ್ನು ಎಂಟನೆಯ ತರಗತಿಗೆ ಹಚ್ಚಿದ್ದೂ ಹಾಗೆಯೇ. ನಾನು ಚಹ ಕುದಿಸುವಷ್ಟರಲ್ಲಿ ಅವಳಪ್ಪ ಫೋನಿನಲ್ಲೇ ಮುಗಿಸಿದ. ಅವಳು ತಲೆ ಎತ್ತಿ ನೋಡಲೂ ಇಲ್ಲ.

ಆ ಸುದ್ದಿಯನ್ನು ಅಕ್ಕನಿಗೆ ಫೋನು ಮಾಡಿ ಹೇಳಿದೆ. ಈಗ ಅವಳಿಗೆ ಎಪ್ಪತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಎರಡು ಸಲ ಜೋರಾಗಿ ಹೇಳಬೇಕಾಯಿತು. ಆಮೇಲೆ ಕೇಳಿದಳು:

“ಎಂಟನೇತ್ತದಾಗ ಏನೇನು ಕಲಸ್ತಾರ ತಂಗಿ? ನೀ ಓದೀದಿ ಅಲ್ಲಾ, ಹೇಳು.”

ಫೋನು ಕಿವಿಗೆ ಹಿಡಿದು ಎಷ್ಟು ನೆನಪು ಮಾಡಿಕೊಂಡರೂ ಒಂದು ಪಾಠವೂ ಬಾಯಿಗೆ ಬರಲಿಲ್ಲ. ಅಕ್ಕ ಇನ್ನೂ ಆ ಕಡೆ ಕಾಯುತ್ತಿದ್ದಳು.